ಎರಡನೇ ವರ್ಷದ ಜೂನ್

ಮೊದಲ ವರ್ಷ ಕೈಗೆ ಸಿಗುವ ಸಂಬಳವನ್ನು ನಂಬಿ ಊರಲ್ಲಿ ಸಾಲ ಎತ್ತಬೇಡಿ. ಜಪಾನಿಗೆ ಹೊರಟವರು ಯಾರೇ ಕೇಳಲಿ, ನಾನು ಮೊದಲು ಹೇಳುವುದು ಇದನ್ನೇ. ಐದು ವರ್ಷಗಳಲ್ಲಿ 50 ಸಾವಿರ ನುರಿತ ಭಾರತೀಯರು ಜಪಾನಿಗೆ ಹೋಗಬೇಕೆಂದು 2025ರ ಆಗಸ್ಟಿನಲ್ಲಿ ಎರಡೂ ಸರಕಾರಗಳು ಗುರಿ ಹಾಕಿಕೊಂಡ ಮೇಲೆ ಕಕ್ಕಿಂಜೆ, ಮುಂಡಾಜೆ, ಉಜಿರೆ ಕಡೆಯಿಂದ ಟೋಕಿಯೋದ ನನ್ನ ಮನೆಗೆ ಫೋನುಗಳು ಹೆಚ್ಚಿವೆ. ನರ್ಸಿಂಗ್ ಮುಗಿಸಿದ ಹುಡುಗಿಯರು, ಐಟಿಐ ಕಲಿತ ಹುಡುಗರು. ಎಲ್ಲರದ್ದೂ ಒಂದೇ ಪ್ರಶ್ನೆ: "ಅಣ್ಣಾ, ಕೈಗೆ ಎಷ್ಟು ಸಿಗ್ತದೆ?"

ತಿಂಗಳಿಗೆ 2 ಲಕ್ಷದ 40 ಸಾವಿರ ಯೆನ್ ಸಂಬಳ ಎಂದಿಟ್ಟುಕೊಳ್ಳಿ. ಪಿಂಚಣಿಗೆ ಶೇ 9.15ರಂತೆ 21,960 ಯೆನ್ ಹೋಗುತ್ತದೆ. ಅಷ್ಟೇ ಮೊತ್ತವನ್ನು ಕಂಪನಿಯೂ ಹಾಕುತ್ತದೆ. ಆರೋಗ್ಯ ವಿಮೆಗೆ ಹೆಚ್ಚುಕಡಿಮೆ ಶೇ 5. ಉದ್ಯೋಗ ವಿಮೆ, ಆದಾಯ ತೆರಿಗೆ ಸೇರಿ ಇನ್ನಷ್ಟು. ಕೈಗೆ ಬರುವುದು 2 ಲಕ್ಷದ ಆಸುಪಾಸು. ಇದರಲ್ಲೇ ಬಾಡಿಗೆ, ಊಟ, ರೈಲು.

ಇನ್ನೊಂದು ತೆರಿಗೆ ಮೊದಲ ವರ್ಷದ ಈ ಕಡಿತಗಳಲ್ಲಿ ಕಾಣಿಸುವುದೇ ಇಲ್ಲ. ಅದು ಜೂಮಿನ್‌ಝೇಯ್, ನಾವು ವಾಸವಿರುವ ಊರಿಗೆ ಮತ್ತು ಪ್ರಾಂತ್ಯಕ್ಕೆ ಕೊಡುವ ತೆರಿಗೆ. ಹಿಂದಿನ ವರ್ಷದ ತೆರಿಗೆಗೊಳಪಡುವ ಆದಾಯದ ಮೇಲೆ ಸುಮಾರು ಶೇ 10. ಹಿಂದಿನ ವರ್ಷ ಜಪಾನಿನಲ್ಲಿ ದುಡಿಯದವನಿಗೆ ಮೊದಲ ವರ್ಷ ಅದು ಸೊನ್ನೆ. ಎರಡನೇ ವರ್ಷದ ಜೂನ್‌ನಲ್ಲಿ ಶುರುವಾಗುತ್ತದೆ. ಇಡೀ ವರ್ಷ ದುಡಿದ ಮೇಲೆ, ಮೇಲಿನ ಸಂಬಳದವನಿಗೆ, ತಿಂಗಳಿಗೆ ಸುಮಾರು 9 ಸಾವಿರ ಯೆನ್. ಸಂಬಳ ಏರದಿದ್ದರೂ ಕೈಗೆ ಬರುವ ಹಣ ಇಳಿಯುತ್ತದೆ. ಅಡಿಕೆ ತೋಟದ ಮನೆಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಳೆದ ವರ್ಷದ ಅಡಿಕೆಯನ್ನು ಪೂರ್ತಿ ಮಾರದೆ, ಈ ವರ್ಷದ ಬೋರ್ಡೋ ಸಿಂಪಡಣೆಗೂ ಮಕ್ಕಳ ಫೀಸಿಗೂ ಹಳೆ ಅಡಿಕೆಯ ಮೂಟೆಗಳನ್ನು ಮಾಳಿಗೆಯಲ್ಲಿ ಉಳಿಸಿಕೊಳ್ಳುವವರು ನಮ್ಮವರು. ಮೊದಲ ವರ್ಷ ತಿಂಗಳಿಗೆ 10 ಸಾವಿರ ಯೆನ್ ಬೇರೆ ಖಾತೆಗೆ ಹಾಕಿಟ್ಟರೆ ಜೂನ್ ಬಂದದ್ದೇ ಗೊತ್ತಾಗುವುದಿಲ್ಲ.

ಜನವರಿ 1ರಂದು ಎಲ್ಲಿ ವಿಳಾಸವಿದೆಯೋ ಅಲ್ಲಿಗೆ ಆ ವರ್ಷದ ತೆರಿಗೆ ಕಟ್ಟಬೇಕು. ಕೆಲಸ ಬಿಟ್ಟು ಊರಿಗೆ ಬರುವವರು ಡಿಸೆಂಬರ್ ಕೊನೆಯಲ್ಲಿ ಹೊರಟರೆ ಒಂದು ಲೆಕ್ಕ, ಜನವರಿಯಲ್ಲಿ ಹೊರಟರೆ ಬೇರೆ ಲೆಕ್ಕ. ಕೆಲವೇ ದಿನಗಳ ಅಂತರಕ್ಕೆ ಲಕ್ಷ ಯೆನ್‌ವರೆಗೆ ವ್ಯತ್ಯಾಸ ಬೀಳುತ್ತದೆ.

ಇವನ್ನೆಲ್ಲ ನಾನು ಕಲಿತದ್ದು ಅಂಚೆ ಡಬ್ಬಿಗೆ ಬಂದ ಕಾಗದಗಳಿಂದ. ಜಪಾನ್ ಇಂದಿಗೂ ಕಾಗದದಲ್ಲೇ ಮಾತನಾಡುತ್ತದೆ. ಹೊಸಬರು ಜಪಾನಿ ಕಲಿಯುವುದು ಕೆಲಸಕ್ಕಾಗಿ, ಪರೀಕ್ಷೆಗಾಗಿ. ನಿರ್ದಿಷ್ಟ ಕೌಶಲ ವೀಸಾಕ್ಕೆ ಹೆಚ್ಚಿನ ಕೆಲಸಗಳಲ್ಲಿ ಎನ್‌4 ಅಥವಾ ಜೆಎಫ್‌ಟಿ ಬೇಸಿಕ್ ಸಾಕಾಗುತ್ತದೆ, ವೃದ್ಧರ ಆರೈಕೆಯ ಕೆಲಸಕ್ಕೆ ಅದರದ್ದೇ ಒಂದು ಭಾಷಾ ಪರೀಕ್ಷೆ ಹೆಚ್ಚುವರಿ. ಅಲ್ಲಿಗೇ ನಿಲ್ಲಿಸಬೇಡಿ. ಹಲವು ಊರುಗಳಲ್ಲಿ ಸ್ವಯಂಸೇವಕರು ಅತಿ ಕಡಿಮೆ ಶುಲ್ಕಕ್ಕೆ ಸಂಜೆ ಪಾಠ ಹೇಳಿಕೊಡುತ್ತಾರೆ. ನಾನು ಅಂಥದ್ದೊಂದು ತರಗತಿಗೆ ಪಠ್ಯಪುಸ್ತಕದ ಜೊತೆಗೆ ವಾರ್ಡ್ ಕಚೇರಿಯಿಂದ ಬಂದ ಲಕೋಟೆಗಳನ್ನೂ ಒಯ್ಯುತ್ತಿದ್ದೆ. ನಿವೃತ್ತ ಶಿಕ್ಷಕಿಯೊಬ್ಬರು ಒಂದೊಂದೇ ಸಾಲು ಓದಿಸಿ ಅರ್ಥ ಹೇಳುತ್ತಿದ್ದರು. ಜಪಾನಿನಲ್ಲಿ ನಾನು ಹೂಡಿದ ಯಾವ ಹಣಕ್ಕೂ ಆ ತರಗತಿಯಷ್ಟು ಪ್ರತಿಫಲ ಬಂದಿಲ್ಲ.

ಅಲ್ಲಿ ಓದಿದ ಒಂದು ಕಾಗದ ನಮ್ಮ ಮನೆಯ ವ್ಯವಸ್ಥೆಯನ್ನೇ ಬದಲಿಸಿತು. ಊರಿನಲ್ಲಿರುವ ಅಪ್ಪ ಅಮ್ಮ ನಮ್ಮ ದುಡಿಮೆಯನ್ನೇ ನಂಬಿದ್ದರೆ ಅವರನ್ನು ಅವಲಂಬಿತರೆಂದು ತೋರಿಸಿ ತೆರಿಗೆ ಇಳಿಸಿಕೊಳ್ಳಬಹುದು. 2023ರಿಂದ ನಿಯಮ ಬಿಗಿಯಾಗಿದೆ: 30ರಿಂದ 69 ವರ್ಷದೊಳಗಿನವರಾದರೆ, ಓದಲೆಂದು ಜಪಾನ್ ಬಿಟ್ಟು ಹೋದವರನ್ನೂ ಅಂಗವಿಕಲರನ್ನೂ ಬಿಟ್ಟು, ಒಬ್ಬೊಬ್ಬರಿಗೂ ವರ್ಷಕ್ಕೆ ಕನಿಷ್ಠ 3 ಲಕ್ಷದ 80 ಸಾವಿರ ಯೆನ್ ಕಳುಹಿಸಿದ ದಾಖಲೆ ಬೇಕು. ಅವರವರ ಹೆಸರಿಗೇ ಹೋಗಿರಬೇಕು. ಅಪ್ಪನ ಖಾತೆಗೆ ಒಟ್ಟಿಗೆ ಹಾಕಿದರೆ ಅಮ್ಮ ಲೆಕ್ಕಕ್ಕೆ ಬರುವುದಿಲ್ಲ. ಕನಿಷ್ಠ ದರದ ತೆರಿಗೆ ಕಟ್ಟುವವನಿಗೂ ಎರಡು ತೆರಿಗೆಗಳು ಸೇರಿ ಒಬ್ಬರಿಗೆ ವರ್ಷಕ್ಕೆ ಸುಮಾರು 52 ಸಾವಿರ ಯೆನ್ ಉಳಿಯುತ್ತದೆ. 2 ಲಕ್ಷ ಕೈಗೆ ಬರುವವನು ಇಬ್ಬರಿಗೂ ಅಷ್ಟು ಕಳುಹಿಸುವುದು ಕಷ್ಟ, ಒಬ್ಬರಿಗಾದರೂ ಪೂರ್ತಿ ಮಾಡಿ. ಸಂಬಂಧ ತೋರಿಸಲು ಬೇಕಾಗುವ ಜನನ ಪ್ರಮಾಣಪತ್ರದಲ್ಲೂ ಪಾಸ್‌ಪೋರ್ಟಿನಲ್ಲೂ ಹೆಸರು ಒಂದೇ ರೀತಿ ಇರುವಂತೆ ಹೊರಡುವ ಮೊದಲೇ ಸರಿಪಡಿಸಿಕೊಳ್ಳಿ. ಇನಿಶಿಯಲ್ ಮುಂದೆ ಹಿಂದೆ ಆಗಿರುವುದು ನಮ್ಮ ಕಡೆ ಮಾಮೂಲು.

ನಮ್ಮ ಮನೆಯಲ್ಲಿ ಹಣ ಯಾವತ್ತೂ ಅಪ್ಪನ ಖಾತೆಗೆ ಬರುತ್ತಿದ್ದದ್ದು. ಅಡಿಕೆ ಮಾರಿದ್ದು, ರಬ್ಬರ್ ಶೀಟಿನದ್ದು, ನಾನು ಕಳುಹಿಸಿದ್ದು, ಎಲ್ಲವೂ. ಅಮ್ಮನ ಖಾತೆಯಲ್ಲಿ ಗ್ಯಾಸ್ ಸಬ್ಸಿಡಿ ಬಿಟ್ಟರೆ ಬೇರೇನೂ ಇರಲಿಲ್ಲ. ಆ ಕಾಗದ ಓದಿದ ಮೇಲೆ ಅಮ್ಮನ ಹೆಸರಿಗೂ ಬೇರೆಯಾಗಿ ಕಳುಹಿಸತೊಡಗಿದೆ. "ನನಗೆ ಯಾಕೆ ಮಗಾ, ಅಪ್ಪನಿಗೇ ಹಾಕು" ಎಂದವರು ವರ್ಷ ಕಳೆಯುವಷ್ಟರಲ್ಲಿ ಪಾಸ್‌ಬುಕ್ ಎಂಟ್ರಿ ಮಾಡಿಸಲು ತಾವೇ ಬಸ್ಸು ಹತ್ತಿ ಹೋಗತೊಡಗಿದರು. ದೀಪಾವಳಿ ಕಳೆದ ಮೇಲೂ ಮಳೆ ಬಂದು ಅಂಗಳದ ಅಡಿಕೆ ಬೂಸ್ಟು ಹಿಡಿಯುವುದನ್ನು ವರ್ಷ ವರ್ಷ ನೋಡಿದ್ದ ಅವರು ಆ ಹಣದಲ್ಲಿ ಅಡಿಕೆ ಒಣಗಿಸಲು ಪ್ಲಾಸ್ಟಿಕ್ ಹೊದೆಸಿದ ಗೂಡು ಕಟ್ಟಿಸಿದರು. ವೆಲ್ಡಿಂಗಿನವರನ್ನು ಕರೆಸಿದ್ದು, ದರ ಮಾತಾಡಿದ್ದು, ಮುಂಗಡ ಕೊಟ್ಟದ್ದು ಎಲ್ಲ ಅವರೇ. ತೆರಿಗೆ ಉಳಿಸಲು ಮಾಡಿದ ಕೆಲಸ ಇಷ್ಟು ದೂರ ಹೋಗಬಹುದೆಂದು ನಾನು ಎಣಿಸಿರಲಿಲ್ಲ. ಗಂಡು ಮಕ್ಕಳು ಹೊರದೇಶದಲ್ಲಿರುವ ಪ್ರತಿಯೊಂದು ಮನೆಯಲ್ಲೂ ತಾಯಿಯ ಹೆಸರಿಗೆ ಬೇರೆಯಾಗಿ ಹಣ ಹೋಗಬೇಕು, ತೆರಿಗೆ ಉಳಿಯಲಿ, ಉಳಿಯದಿರಲಿ.

ಕಳುಹಿಸುವ ಹೊತ್ತೂ ಮುಖ್ಯ. 2019ರ ಆಗಸ್ಟಿನಲ್ಲಿ ಮೃತ್ಯುಂಜಯ ಹೊಳೆ ಉಕ್ಕಿ ಚಾರ್ಮಾಡಿ, ಕಕ್ಕಿಂಜೆ ಕಡೆಯ ತೋಟಗಳಿಗೆ ಮರಳು, ದಿಮ್ಮಿ ಬಂದು ಬಿದ್ದವು. ಘಾಟಿ ರಸ್ತೆ ಕುಸಿಯಿತು. ಆಗ ನನ್ನಲ್ಲಿದ್ದ ಉಳಿತಾಯವನ್ನೆಲ್ಲ ಒಂದೇ ಸಲಕ್ಕೆ ಕಳುಹಿಸಿದೆ. ಅಂದು 1 ಲಕ್ಷ ಯೆನ್‌ಗೆ 67 ಸಾವಿರ ರೂಪಾಯಿಯಷ್ಟು ಸಿಗುತ್ತಿತ್ತು. 2024ರ ಜುಲೈ ಮೊದಲ ವಾರದಲ್ಲಿ, ಡಾಲರಿಗೆ 160 ಯೆನ್ ದಾಟಿದ್ದಾಗ, ಅದೇ 1 ಲಕ್ಷಕ್ಕೆ 52 ಸಾವಿರ. ಅಷ್ಟೇ ದುಡಿಮೆ, 15 ಸಾವಿರ ಕಡಿಮೆ. ಹೊಳೆಗೆ ಯೆನ್ ದರ ಗೊತ್ತಿಲ್ಲ. ಅದಕ್ಕೇ ನಾನು ಆಪತ್ತಿನ ಹಣದ ಒಂದು ಭಾಗವನ್ನು ರೂಪಾಯಿಯಲ್ಲಿ, ಅನಿವಾಸಿ ಭಾರತೀಯರ ಎನ್‌ಆರ್‌ಇ ಖಾತೆಯಲ್ಲಿ ಇಟ್ಟಿದ್ದೇನೆ. ಇತ್ತ ಖರ್ಚೂ ಏರಿದೆ. 2024ರ ಆರಂಭದಲ್ಲಿ 5 ಕಿಲೋ ಅಕ್ಕಿಗೆ 2 ಸಾವಿರ ಯೆನ್ ಆಸುಪಾಸು ಇದ್ದದ್ದು 2025ರ ವಸಂತಕ್ಕೆ 4 ಸಾವಿರ ದಾಟಿತ್ತು. 

ಎನ್‌ಆರ್‌ಇ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ ಎಂದು ನಿಶ್ಚಿಂತೆಯಿಂದ ಇರುವವರು ಐದನೇ ವರ್ಷದ ಗಡಿಯನ್ನು ನೆನಪಿಡಬೇಕು. ಹಿಂದಿನ 10 ವರ್ಷಗಳಲ್ಲಿ ಒಟ್ಟು 5 ವರ್ಷಕ್ಕಿಂತ ಹೆಚ್ಚು ಜಪಾನಿನಲ್ಲಿದ್ದವರು ಲೋಕದ ಯಾವ ಮೂಲೆಯ ಆದಾಯವಿದ್ದರೂ ಜಪಾನಿಗೆ ಲೆಕ್ಕ ಕೊಡಬೇಕು. ಎನ್‌ಆರ್‌ಇ ಬಡ್ಡಿ ಮಾತ್ರವಲ್ಲ, ನಿಮ್ಮ ಹೆಸರಿನಲ್ಲಿ ಪಹಣಿ ಇರುವ ತೋಟದ ಅಡಿಕೆಯ ಆದಾಯವೂ ಅದರಲ್ಲಿ ಬರುತ್ತದೆ. ಆಸ್ತಿ ಪಾಲು ಮಾಡುವ ಮಾತು ಮನೆಯಲ್ಲಿ ಬಂದಾಗ ಇದನ್ನೂ ಹೇಳಿ.

ಕೊನೆಯದು ಪಿಂಚಣಿ. ಕನಿಷ್ಠ 6 ತಿಂಗಳು ಕಟ್ಟಿದವರು, 10 ವರ್ಷ ತುಂಬುವ ಮೊದಲೇ ದೇಶ ಬಿಟ್ಟರೆ, 2 ವರ್ಷದೊಳಗೆ ಅರ್ಜಿ ಹಾಕಿ ಒಂದು ಭಾಗವನ್ನು ಇಡಿಗಂಟಾಗಿ ಪಡೆಯಬಹುದು. 2021ರಿಂದ 5 ವರ್ಷದವರೆಗಿನ ಕಂತುಗಳು ಲೆಕ್ಕಕ್ಕೆ ಬರುತ್ತವೆ. ಆದರೆ ಇಡಿಗಂಟು ಪಡೆದರೆ ಅಷ್ಟು ವರ್ಷಗಳ ಖಾತೆ ಅಳಿಸಿಹೋಗುತ್ತದೆ. 2016ರ ಅಕ್ಟೋಬರ್ 1ರಿಂದ ಜಾರಿಯಲ್ಲಿರುವ ಭಾರತ–ಜಪಾನ್ ಒಪ್ಪಂದದಂತೆ ಎರಡೂ ದೇಶಗಳಲ್ಲಿ ಕಟ್ಟಿದ ಅವಧಿಯನ್ನು ಕೂಡಿಸಿ 10 ವರ್ಷ ತೋರಿಸಲು ಅವಕಾಶವಿದೆ. ಮೂರು ವರ್ಷಕ್ಕೆಂದು ಬಂದು ಮನೆ ಸಾಲ ತೀರಿಸಬೇಕಾದ ಹುಡುಗಿಗೆ ನಾನು ಇಡಿಗಂಟು ತಗೋ ಅನ್ನುತ್ತೇನೆ. ಬೆಂಗಳೂರಿನಲ್ಲಿ ವರ್ಷಗಟ್ಟಲೆ ಪಿಎಫ್ ಕಟ್ಟಿ ಬಂದವರಿಗೆ ಮುಟ್ಟಬೇಡಿ ಅನ್ನುತ್ತೇನೆ.

ಇಡಿಗಂಟಿನಲ್ಲಿ ಶೇ 20.42 ತೆರಿಗೆ ಹಿಡಿದೇ ಕೊಡುತ್ತಾರೆ. ಅದನ್ನು ಹಿಂಪಡೆಯಲು ಜಪಾನಿನಲ್ಲೇ ಇರುವ ಒಬ್ಬರನ್ನು ತೆರಿಗೆ ಪ್ರತಿನಿಧಿಯಾಗಿ ನೇಮಿಸಬೇಕು. ವಿಮಾನ ಹತ್ತುವ ಮೊದಲೇ ಆ ಫಾರಂ ತೆರಿಗೆ ಕಚೇರಿಗೆ ಕೊಟ್ಟುಬಿಟ್ಟರೆ ಒಳ್ಳೆಯದು. ಯಾರೂ ಸಿಗದಿದ್ದರೆ ನನ್ನ ಹೆಸರು ಬರೆಯಿರಿ. ನಮ್ಮ ತಾಲ್ಲೂಕಿನ ಕೆಲವರಿಗೆ ಈಗಾಗಲೇ ಮಾಡಿಕೊಟ್ಟಿದ್ದೇನೆ, ಮುಂದೆಯೂ ಮಾಡುತ್ತೇನೆ.