ಕಲಾಕೃತಿಯ ಖರೀದಿ: ಬಿಲ್ಲಿನಲ್ಲಿ ಏನು ಬರೆದಿರಬೇಕು?

ಸೀಮಿತ ಪ್ರತಿಗಳ ಮುದ್ರಣ ಕಲಾಕೃತಿ ಎಂದರೆ, ಕಲಾವಿದರು ತಾವೇ ಕೆತ್ತಿದ ಮರದ ಹಲಗೆಯಿಂದಲೋ, ಆಮ್ಲದಲ್ಲಿ ಕೊರೆಸಿದ ಲೋಹದ ತಗಡಿನಿಂದಲೋ, ಕಲ್ಲಿನ ಮೇಲೆ ಬರೆದ ಚಿತ್ರದಿಂದಲೋ ಎಣಿಸಿದಷ್ಟೇ ಪ್ರತಿಗಳನ್ನು ತೆಗೆದು, ಪ್ರತಿಯೊಂದರ ಅಡಿಯಲ್ಲೂ ತಮ್ಮ ಸಹಿಯನ್ನೂ ‘12/50’ ಎಂಬಂಥ ಗುರುತನ್ನೂ, ಅಂದರೆ ಐವತ್ತರಲ್ಲಿ ಹನ್ನೆರಡನೆಯದು ಎಂಬುದನ್ನೂ, ಬರೆದುಕೊಟ್ಟ ಚಿತ್ರ. ಮೂಲ ವರ್ಣಚಿತ್ರಕ್ಕೆ ಲಕ್ಷಗಟ್ಟಲೆ ತೆರಲಾಗದವರು ಇಂಥ ಪ್ರತಿಗಳನ್ನೂ, ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಂಥ ಊರುಗಳಲ್ಲಿ ಶಿಲ್ಪಿಗಳು ಕೈಯಿಂದ ಕಡೆದ ವಿಗ್ರಹಗಳನ್ನೂ ಕೊಂಡು ಮನೆಯಲ್ಲಿಡುತ್ತಿರುವುದು ಸಂತೋಷದ ಸಂಗತಿ. ಆದರೆ ಮೋಸಹೋಗಿ ವಕೀಲರ ಕಚೇರಿಯ ಮೆಟ್ಟಿಲು ಹತ್ತುವ ಸಂಗ್ರಾಹಕರು ಸೋಲುವುದು ಬಹುಮಟ್ಟಿಗೆ ಕಲೆಯ ತಿಳಿವಳಿಕೆ ಸಾಲದೆ ಅಲ್ಲ, ಕೈಯಲ್ಲಿ ತಕ್ಕ ಕಾಗದವಿಲ್ಲದೆ.

ಭಾರತದಲ್ಲಿ ‘ಲಿಮಿಟೆಡ್ ಎಡಿಷನ್’ ಎಂಬುದಕ್ಕೆ ಲಕ್ಷಣ ಹೇಳುವ ಪ್ರತ್ಯೇಕ ಕಾಯ್ದೆಯಿಲ್ಲ. ಐವತ್ತು ಪ್ರತಿ ಎಂದು ಹೇಳಿ ನೂರೈವತ್ತು ತೆಗೆದವರನ್ನು ತಡೆಯುವ ನೋಂದಣಿ ಕಚೇರಿಯೂ ಇಲ್ಲ. ಆ ಸಂಖ್ಯೆಗೆ ಬಲ ಬರುವುದು ಮಾರಿದವರು ಬರೆದುಕೊಟ್ಟ ಮಾತಿನಿಂದ ಮಾತ್ರ. ಸುಂಕದ ಪಟ್ಟಿಯ 97ನೆಯ ಅಧ್ಯಾಯದಲ್ಲಿರುವ ಒಂದು ವಿವರಣೆ ಇಲ್ಲಿ ನೆರವಿಗೆ ಬರುತ್ತದೆ: ಕಲಾವಿದರು ಪೂರ್ತಿಯಾಗಿ ಕೈಯಿಂದಲೇ ಸಿದ್ಧಪಡಿಸಿದ ಅಚ್ಚಿನಿಂದ ನೇರವಾಗಿ ತೆಗೆದ ಪ್ರತಿಯನ್ನಷ್ಟೇ ಅದು ಮೂಲ ಮುದ್ರಣವೆಂದು ಒಪ್ಪುತ್ತದೆ, ಯಂತ್ರದಿಂದಲೋ ಛಾಯಾಚಿತ್ರದ ವಿಧಾನದಿಂದಲೋ ಮಾಡಿದ ನಕಲುಗಳನ್ನು ಹೊರಗಿಡುತ್ತದೆ. ತೆರಿಗೆಗಾಗಿ ಬರೆದ ಈ ಮಾತು ವಂಚನೆಯ ಮೊಕದ್ದಮೆಯನ್ನು ತಾನೇ ತೀರ್ಮಾನಿಸದಿದ್ದರೂ, ವರ್ಣಚಿತ್ರವೊಂದನ್ನು ಸ್ಕ್ಯಾನ್ ಮಾಡಿ ಇಂಕ್‌ಜೆಟ್ಟಿನಲ್ಲಿ ಮುದ್ರಿಸಿದ ಹಾಳೆಯನ್ನು ‘ಒರಿಜಿನಲ್ ಪ್ರಿಂಟ್’ ಎಂದು ಮಾರುವವರಿಗೆ ಕೇಳಬೇಕಾದ ಪ್ರಶ್ನೆಯನ್ನು ಕೊಳ್ಳುವವರ ಕೈಗೆ ಕೊಡುತ್ತದೆ.

ಹಣ ಕೊಡುವ ಮೊದಲು ಬಿಲ್ಲನ್ನು ಓದುವುದು ಮೊದಲ ಹೆಜ್ಜೆ, ಮತ್ತು ಅತಿ ಹೆಚ್ಚು ಜನ ಎಡವುವುದೂ ಇಲ್ಲಿಯೇ. 1930ರ ಸರಕು ಮಾರಾಟ ಅಧಿನಿಯಮದ 15ನೆಯ ಕಲಮಿನ ಪ್ರಕಾರ, ವಿವರಣೆ ನೀಡಿ ಮಾರಿದ ವಸ್ತು ಆ ವಿವರಣೆಗೆ ಹೊಂದಿಕೆಯಾಗಲೇಬೇಕು. ಹೊಂದದಿದ್ದರೆ ಅದನ್ನು ಹಿಂತಿರುಗಿಸಿ ಹಣ ಕೇಳುವ ಹಕ್ಕು ಕೊಂಡವರಿಗಿದೆ. ಮಾರಾಟದ ವೇಳೆ ಕಲಾವಿದರ ಹೆಸರು, ಪ್ರತಿಗಳ ಸಂಖ್ಯೆ, ತಂತ್ರದ ವೈಶಿಷ್ಟ್ಯ ಎಲ್ಲವನ್ನೂ ಬಾಯಲ್ಲಿ ಹೊಗಳಿ, ಬಿಲ್ಲಿನಲ್ಲಿ ಮಾತ್ರ ‘ಫ್ರೇಮ್ ಹಾಕಿದ ಚಿತ್ರ – 1’ ಎಂದು ಬರೆಯುವ ಮಧ್ಯವರ್ತಿಗೆ ಈ ಕಲಮು ಚೆನ್ನಾಗಿ ಗೊತ್ತು. ಚಿತ್ರ ನಕಲಿಯೆಂದು ಬಯಲಾದ ದಿನ ಅವನು ತಾನು ಮಾರಿದ್ದು ಫ್ರೇಮ್ ಹಾಕಿದ ಚಿತ್ರವನ್ನೆಂದೂ, ಅದು ಈಗಲೂ ಹಾಗೆಯೇ ಇದೆಯೆಂದೂ ಉತ್ತರ ಕೊಡುತ್ತಾನೆ. ಆ ಉತ್ತರವನ್ನು ಮುರಿಯುವುದು ಬಹಳ ಕಷ್ಟ. ಜೊತೆಗೆ ಕೊಡುವ ‘ಅಸಲಿತನದ ಪ್ರಮಾಣಪತ್ರ’ ಸರ್ಕಾರದ ಕಾಗದವಲ್ಲ, ಮಾರುವವರೇ ಮುದ್ರಿಸಿಕೊಂಡದ್ದು. ಅದರಲ್ಲಿ ಮಾರಿದವರ ಸಹಿ, ವಿಳಾಸ ಮತ್ತು ಬಿಲ್ಲಿನ ಸಂಖ್ಯೆ ಇಲ್ಲದಿದ್ದರೆ ಅದು ಆ ಚಿತ್ರದ್ದೇ ಎಂದು ತೋರಿಸುವುದಕ್ಕೂ ಆಧಾರವಿರುವುದಿಲ್ಲ. ಆದ್ದರಿಂದ ಕಲಾವಿದರ ಹೆಸರು, ಕೃತಿಯ ಹೆಸರು, ರಚನೆಯ ವರ್ಷ, ಅಳತೆ, ಮುದ್ರಣದ ವಿಧಾನ, ಪ್ರತಿಯ ಸಂಖ್ಯೆ, ಒಟ್ಟು ಪ್ರತಿಗಳು ಇವೆಲ್ಲವೂ ಬಿಲ್ಲಿನಲ್ಲಿಯೇ ಬರಬೇಕು. ಒಟ್ಟು ಐವತ್ತು ಎಂದಷ್ಟೇ ಬರೆಸಿಕೊಂಡರೂ ಸಾಲದು, ಏಕೆಂದರೆ ಕಲಾವಿದರು ತಮಗಾಗಿ ತೆಗೆದಿಟ್ಟುಕೊಳ್ಳುವ ಪ್ರತಿಗಳು ಈ ಎಣಿಕೆಯ ಹೊರಗಿರುತ್ತವೆ. ಅವು ಎಷ್ಟು, ಅಚ್ಚನ್ನು ಮುಂದೆ ಬಳಸಲಾಗದಂತೆ ಅಳಿಸಲಾಗಿದೆಯೇ ಎಂಬುದನ್ನೂ ಬರೆಸಿಕೊಳ್ಳಬೇಕು. ಬಿಲ್ಲಿಲ್ಲದೆ ಕೊಂಡರೆ ತೆರಿಗೆ ಉಳಿಯುತ್ತದೆಂಬ ಮಾತಿಗೆ ಒಪ್ಪಿದವರು ಉಳಿಸುವುದು ಮಾರುವವರ ತೆರಿಗೆಯನ್ನು, ಕಳೆದುಕೊಳ್ಳುವುದು ತಮ್ಮ ಸಾಕ್ಷ್ಯವನ್ನು. ವಾಟ್ಸ್‌ಆ್ಯಪ್ ಸಂದೇಶಗಳು ಸ್ವಲ್ಪಮಟ್ಟಿಗೆ ನೆರವಾಗುತ್ತವೆ, ಆದರೆ ಅವುಗಳಿಗೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಮಾಣಪತ್ರ ಬೇಕಾಗಬಹುದಾದ್ದರಿಂದ ಸಂದೇಶ ಬಂದ ಮೊಬೈಲನ್ನು ಮಾರಬಾರದು, ಸಂದೇಶಗಳನ್ನು ಅಳಿಸಲೂಬಾರದು.

ಮೋಸವಾದಾಗ ಮೊದಲು ಲಿಖಿತ ನೋಟಿಸು ಕೊಟ್ಟು, ಉತ್ತರ ಬಾರದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಂತೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಬಹುದು. ಕೊಟ್ಟ ಬೆಲೆ 50 ಲಕ್ಷ ರೂಪಾಯಿಯೊಳಗಿದ್ದರೆ ಜಿಲ್ಲಾ ಆಯೋಗವೇ ವಿಚಾರಿಸುತ್ತದೆ, 5 ಲಕ್ಷದವರೆಗೆ ಶುಲ್ಕವಿಲ್ಲ, ವಕೀಲರನ್ನು ನೇಮಿಸಲೇಬೇಕೆಂದಿಲ್ಲ, ‘ಇ-ಜಾಗೃತಿ’ ಜಾಲತಾಣದ ಮೂಲಕ ಮನೆಯಿಂದಲೇ ದೂರು ಸಲ್ಲಿಸುವುದಕ್ಕೂ ಅವಕಾಶವಿದೆ. ಮಾರಿದವರು ಮುಂಬೈಯವರಾದ್ದರಿಂದ ಅಲ್ಲಿಗೇ ಹೋಗಿ ಎಂದು ಕಚೇರಿಯಲ್ಲಿ ಯಾರಾದರೂ ಹೇಳಿದರೆ ಅದು ತಪ್ಪು. ದೂರುದಾರರು ವಾಸವಿರುವ ಅಥವಾ ದುಡಿಯುವ ಊರಿನ ಆಯೋಗಕ್ಕೂ ಅಧಿಕಾರವಿದೆಯೆಂದು ಕಾಯ್ದೆಯ 34ನೆಯ ಕಲಮು ಸ್ಪಷ್ಟವಾಗಿ ಹೇಳುತ್ತದೆ, ಹೀಗಿದ್ದೂ ಜನರನ್ನು ಮೇಜಿನಿಂದ ಮೇಜಿಗೆ ಅಲೆಸುವುದು ಅಕ್ಷಮ್ಯ. ಕಾಲಮಿತಿ ಮಾತ್ರ ಬಿಗಿಯಾದದ್ದು: ವ್ಯಾಜ್ಯದ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷ, ಆಮೇಲೆ ತಡವಾದುದಕ್ಕೆ ಸಮರ್ಪಕ ಕಾರಣ ತೋರಿಸಬೇಕು. ಮತ್ತೊಬ್ಬ ಸಂಗ್ರಾಹಕರಿಂದ ಖಾಸಗಿಯಾಗಿ ಕೊಂಡವರಿಗೆ ಈ ದಾರಿಯಿಲ್ಲ, ಅವರು ಸಿವಿಲ್ ನ್ಯಾಯಾಲಯಕ್ಕೆ ಹೋಗಬೇಕು. ಇದಕ್ಕಿಂತ ದೊಡ್ಡ ಅಪಾಯ ‘ಹೂಡಿಕೆ’ ಎಂಬ ಮಾತಿನಲ್ಲಿದೆ. ಮರುಮಾರಾಟಕ್ಕಾಗಿ ಅಥವಾ ವಾಣಿಜ್ಯ ಉದ್ದೇಶಕ್ಕಾಗಿ ಕೊಂಡವರನ್ನು ಕಾಯ್ದೆ ಗ್ರಾಹಕರೆಂದು ಪರಿಗಣಿಸುವುದಿಲ್ಲ; ಐದು ವರ್ಷದಲ್ಲಿ ಬೆಲೆ ದುಪ್ಪಟ್ಟಾಗುತ್ತದೆಂದು ನಂಬಿಸಿ ಮಾರಿದರೆಂಬುದನ್ನು ತಮ್ಮ ನಷ್ಟ ತೋರಿಸಲೆಂದು ದೂರಿನಲ್ಲಿಯೇ ಬರೆಯುವವರು ತಮಗರಿವಿಲ್ಲದೆ ಎದುರುಪಕ್ಷಕ್ಕೆ ಆಕ್ಷೇಪಣೆ ಒದಗಿಸುತ್ತಾರೆ. ನಿಜವಾಗಿ ಮನೆಗೆಂದೇ ಕೊಂಡವರು ಅದನ್ನೇ ಹೇಳಬೇಕು, ಮರುಮಾರಾಟಕ್ಕೆಂದು ಕೊಂಡವರು ಸಿವಿಲ್ ದಾವೆಯನ್ನೇ ಆರಿಸಿಕೊಳ್ಳಬೇಕು. ಪೊಲೀಸ್ ಠಾಣೆಯಲ್ಲಿ ‘ಇದು ಸಿವಿಲ್ ವಿಷಯ’ ಎಂದು ಸಾಗಹಾಕುವುದು ಸಾಮಾನ್ಯ. ಆದರೆ ಕೃತಿ ನಕಲಿಯೆಂದು ತಿಳಿದೇ ಮಾರಿದ್ದರೆ ಅದು ಭಾರತೀಯ ನ್ಯಾಯ ಸಂಹಿತೆಯ 318ನೆಯ ಕಲಮಿನ ವಂಚನೆ, ದೂರು ತೆಗೆದುಕೊಳ್ಳದಿದ್ದರೆ ಅದನ್ನು ಅಂಚೆಯಲ್ಲಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಕಳುಹಿಸಬಹುದು.

ಶಿಲ್ಪಗಳ ವಿಷಯದಲ್ಲಿ ಮೋಸ ತಿರುವುಮುರುವಾಗಿ ನಡೆಯುತ್ತದೆ. ಹೊಸ ವಿಗ್ರಹಕ್ಕೆ ಮಸಿ ಹಿಡಿಸಿ ಹೊಯ್ಸಳರ ಕಾಲದ್ದೆಂದು ಮಾರುವವರಿದ್ದಾರೆ. ಅವರ ಮಾತು ಸುಳ್ಳಾದರೆ ಹೋಗುವುದು ಹಣ, ನಿಜವಾದರೆ ಕೊಂಡವರೇ ಅಪರಾಧದ ಅಂಚಿಗೆ ಬಂದು ನಿಲ್ಲುತ್ತಾರೆ. 1972ರ ಪುರಾತನ ವಸ್ತುಗಳು ಮತ್ತು ಕಲಾ ಸಂಪತ್ತು ಅಧಿನಿಯಮದಂತೆ ನೂರು ವರ್ಷಕ್ಕೆ ಕಡಿಮೆಯಿಲ್ಲದ ಶಿಲ್ಪ ಪುರಾತನ ವಸ್ತು. ಅದನ್ನು ವ್ಯಾಪಾರ ಮಾಡಲು ಪರವಾನಗಿ ಬೇಕು, ಅಧಿಸೂಚನೆಯಲ್ಲಿ ಸೇರಿರುವ ಕಲ್ಲು ಮತ್ತು ಲೋಹದ ಶಿಲ್ಪಗಳು ಯಾರ ಸ್ವಾಧೀನಕ್ಕೆ ಬಂದರೂ ಅವರು ಹದಿನೈದು ದಿನದೊಳಗೆ ನೋಂದಣಿಗೆ ಅರ್ಜಿ ಹಾಕಬೇಕು. ದೇವಾಲಯದಿಂದ ಕದ್ದದ್ದಾದರೆ ಎಷ್ಟು ಹಣ ತೆತ್ತರೂ ಒಡೆತನ ಬರುವುದಿಲ್ಲ, ಕಳವಿನ ಮಾಲೆಂದು ತಿಳಿದೂ ಇಟ್ಟುಕೊಂಡವರಿಗೆ ಶಿಕ್ಷೆಯೂ ಉಂಟು. ನೋಂದಣಿ ಪ್ರಮಾಣಪತ್ರವನ್ನೂ ಅದರಲ್ಲಿನ ಛಾಯಾಚಿತ್ರವನ್ನೂ ವಿಗ್ರಹದೊಂದಿಗೆ ಹೋಲಿಸಿ ನೋಡದೆ ಹಳೆಯ ಶಿಲ್ಪವನ್ನು ಮುಟ್ಟಲೇಬಾರದು.

ಇನ್ನೊಂದು ಎಚ್ಚರಿಕೆ ಹೊರದೇಶದಲ್ಲಿ ನೆಲೆಸಿರುವ ಕನ್ನಡಿಗರಿಗೆ. ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ತೆರೆದ ಮುದ್ರಣಾಲಯದ ದೇವರ ಪಟಗಳು ಈಗಲೂ ಎಷ್ಟೋ ಹಳೆಯ ಮನೆಗಳ ಗೋಡೆಯ ಮೇಲಿವೆ. ಅವುಗಳಲ್ಲಿ ನೂರು ವರ್ಷ ದಾಟಿದವು 1972ರ ಅದೇ ಕಾಯ್ದೆಯ ‘ಕಲಾಕೃತಿ’ ಎಂಬ ಮಾತಿನೊಳಗೆ ಬಂದು ಪುರಾತನ ವಸ್ತುಗಳೆನಿಸಬಹುದಾದ್ದರಿಂದ, ಅಜ್ಜಿಯ ನೆನಪಿಗೆಂದು ಪೆಟ್ಟಿಗೆಯಲ್ಲಿಟ್ಟು ವಿಮಾನ ಹತ್ತುವುದು ಅಪಾಯ. ಪುರಾತನ ವಸ್ತುವನ್ನು ಖಾಸಗಿಯವರು ದೇಶದ ಹೊರಗೆ ಒಯ್ಯುವಂತೆಯೇ ಇಲ್ಲ, ಒಯ್ದರೆ ಕನಿಷ್ಠ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸವಿದೆ. ಹೊಸದಾಗಿ ಕಡೆದ ಕಂಚಿನ ವಿಗ್ರಹವೂ ಹಳೆಯದರಂತೆ ಕಂಡರೆ ಸುಂಕದ ಅಧಿಕಾರಿಗಳು ತಡೆಯಬಹುದು. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಅದು ಪುರಾತನ ವಸ್ತುವಲ್ಲವೆಂಬ ಪ್ರಮಾಣಪತ್ರವನ್ನು ಪ್ರಯಾಣಕ್ಕೆ ಸಾಕಷ್ಟು ಮುಂಚೆಯೇ ಪಡೆಯುವುದು ಒಳಿತು, ಶಿಲ್ಪಿಯ ಬಿಲ್ಲು ಆ ಅರ್ಜಿಗೂ ಆಧಾರವಾಗುತ್ತದೆ.

ಕೃತಿಯನ್ನು ಕೊಂಡವರು ಅದರ ಕೃತಿಸ್ವಾಮ್ಯವನ್ನು, ಅಂದರೆ ನಕಲು ತೆಗೆದು ಹಂಚುವ ಹಕ್ಕನ್ನು, ಕೊಂಡಿರುವುದಿಲ್ಲ. ಲಿಖಿತವಾಗಿ ವರ್ಗಾಯಿಸದ ಹೊರತು ಅದು ಕಲಾವಿದರಲ್ಲಿಯೇ, ಅವರ ನಂತರ ಅರವತ್ತು ವರ್ಷ ವಾರಸುದಾರರಲ್ಲಿ ಉಳಿಯುತ್ತದೆ. ಕೊಂಡ ಮಾತ್ರಕ್ಕೆ ಕೃತಿಯನ್ನು ಹಾಳುಗೆಡಹುವ ಸ್ವಾತಂತ್ರ್ಯವೂ ಬರುವುದಿಲ್ಲ: ಶಿಲ್ಪಿ ಅಮರನಾಥ ಸೆಹಗಲ್ ಅವರು ದೆಹಲಿಯ ವಿಜ್ಞಾನ ಭವನಕ್ಕೆ ಮಾಡಿದ ಕಂಚಿನ ಭಿತ್ತಿಶಿಲ್ಪವನ್ನು ಕಿತ್ತು ಹಾಳುಗೆಡವಿದ ಕೇಂದ್ರ ಸರ್ಕಾರಕ್ಕೆ, 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದೂ ಶಿಲ್ಪದ ಉಳಿಕೆಗಳನ್ನು ಹಿಂತಿರುಗಿಸಬೇಕೆಂದೂ ದೆಹಲಿ ಹೈಕೋರ್ಟು 2005ರಲ್ಲಿ ಆದೇಶಿಸಿತು.

ಕಲಾಕೃತಿ ಕೊಳ್ಳಲು ಹೊರಟವರು ಬೆಲೆಯ ಚೌಕಾಸಿ ಮಾಡುವ ಮೊದಲು ಬಿಲ್ಲಿನ ಒಕ್ಕಣೆಯನ್ನು ನಿಶ್ಚಯಿಸಿಕೊಳ್ಳಬೇಕು. ಅಷ್ಟನ್ನು ಬರೆದುಕೊಡಲು ಒಪ್ಪದ ಅಂಗಡಿಯಲ್ಲಿ ಎಷ್ಟೇ ಚೆಲುವಾದ ಕೃತಿ ಕಂಡರೂ ಹಣ ಕೊಡದೆ ಹೊರಬರಬೇಕು.