ಮೂಗಿನ ಅಕ್ಷರಗಳು

ಕತ್ತಲೆ ರಾತ್ರಿ. ದೀಪ ಇಲ್ಲ. ಆದರೂ ಇಲಿಗೆ ಕಡಲೆಕಾಯಿ ಮೂಟೆ ಸಿಗುತ್ತದೆ. ಹೇಗೆ ಅಂತೀರಾ? ಮೂಗಿನಿಂದ.

ಅಕ್ಕಂದಿರೇ, ವಾಸನೆ ಎಂದರೆ ಏನು? ಒಗ್ಗರಣೆ ಹಾಕುತ್ತೇವೆ. ಘಮ್ ಅಂತ ವಾಸನೆ ಬರುತ್ತದೆ. ಆಗ ಬಹಳ ಸಣ್ಣ ಕಣಗಳು ಗಾಳಿಗೆ ಸೇರುತ್ತವೆ. ಅವು ಕಣ್ಣಿಗೆ ಕಾಣುವುದಿಲ್ಲ. ಅವನ್ನು ಅಣು ಎನ್ನುತ್ತಾರೆ. ಉಸಿರಿನ ಜೊತೆ ಅವು ಮೂಗಿನ ಒಳಗೆ ಹೋಗುತ್ತವೆ.

ಮೂಗಿನ ಒಳಗೆ ವಾಸನೆ ಹಿಡಿಯುವ ಜೀವಕೋಶಗಳಿವೆ. ಅವುಗಳ ಮೇಲೆ ಪ್ರೋಟೀನಿನಿಂದ ಆದ ಪುಟ್ಟ ಬೀಗಗಳಿವೆ ಎಂದುಕೊಳ್ಳಿ. ಅಣುವೇ ಕೀಲಿಕೈ. ಕೀಲಿಕೈ ಹೊಂದಿದರೆ ಬೀಗ ತೆರೆಯುತ್ತದೆ. ಕೂಡಲೇ ಮಿದುಳಿಗೆ ಸುದ್ದಿ ಹೋಗುತ್ತದೆ. ಒಂದು ಕೋಶಕ್ಕೆ ಒಂದೇ ಬಗೆಯ ಬೀಗ. ಇಲಿಯಲ್ಲಿ ಸುಮಾರು 1,000 ಬಗೆಯ ಬೀಗಗಳಿವೆ. ನಮ್ಮಲ್ಲಿ ಸುಮಾರು 400 ಬಗೆ ಇವೆ.

ಅಮೆರಿಕದ ಲಿಂಡಾ ಬಕ್ ಎಂಬ ಮಹಿಳೆ ಮತ್ತು ರಿಚರ್ಡ್ ಆಕ್ಸೆಲ್ ಈ ಗುಟ್ಟನ್ನು ಬಿಡಿಸಿದರು. ಅದು 1991ರಲ್ಲಿ. ಇಲಿಗಳ ಮೂಗನ್ನೇ ಅವರು ಪರೀಕ್ಷೆ ಮಾಡಿದ್ದರು. 2004ರಲ್ಲಿ ಇಬ್ಬರಿಗೂ ನೊಬೆಲ್ ಬಹುಮಾನ ಬಂತು.

ಬೀಗ ಕೆಲವೇ. ವಾಸನೆ ಸಾವಿರಾರು. ಇದು ಹೇಗೆ ಸಾಧ್ಯ? ನೀವು ಕಲಿತ ಅಕ್ಷರ ನೆನೆಯಿರಿ. ಸ, ಮ, ರ. ಮೂರೇ ಅಕ್ಷರ. ಆದರೆ ಸರ, ಮರ, ಸಮ, ಸಮರ ಎಂದು ನಾಲ್ಕು ಪದ ಆಯಿತಲ್ಲ! ಮೂಗಿನಲ್ಲೂ ಹಾಗೆಯೇ. ಮಲ್ಲಿಗೆಗೆ ಕೆಲವು ಬೀಗ ಒಟ್ಟಿಗೆ ತೆರೆಯುತ್ತವೆ. ಬೆಳ್ಳುಳ್ಳಿಗೆ ಬೇರೆ ಜೋಡಣೆ. ಮಿದುಳು ಅದನ್ನು ಪದದಂತೆ ಓದುತ್ತದೆ.

ಇಲಿಮರಿ ಹುಟ್ಟುವಾಗ ಅದರ ಕಣ್ಣು ಮುಚ್ಚಿರುತ್ತದೆ. ಕಣ್ಣು ಬಿಡಲು ಸುಮಾರು ಎರಡು ವಾರ ಬೇಕು. ಹಾಲು ಮಾತ್ರ ಕೂಡಲೇ ಬೇಕು. ತಾಯಿಯ ಮೊಲೆಗೆ ದಾರಿ ತೋರಿಸುವುದು ವಾಸನೆ. ವಾಸನೆ ತಿಳಿಯದ ಮರಿಗೆ ಮೊಲೆ ಸಿಗುವುದಿಲ್ಲ. ಅಂಥ ಮರಿ ಬದುಕುವುದು ಕಷ್ಟ.

ನಮ್ಮ ಮೂಗು ಕೂಡ ಜೀವ ಕಾಯುತ್ತದೆ. ಅಡುಗೆ ಗ್ಯಾಸಿಗೆ ತನ್ನದೇ ವಾಸನೆ ಇಲ್ಲ. ಸೋರಿದರೆ ಗೊತ್ತಾಗಲಿ ಎಂದು ಕೆಟ್ಟ ವಾಸನೆಯ ವಸ್ತುವನ್ನು ಬೆರೆಸುತ್ತಾರೆ. ಆ ವಾಸನೆ ಬಂದರೆ ಕಡ್ಡಿ ಗೀರಬೇಡಿ. ಸ್ವಿಚ್ ಮುಟ್ಟಬೇಡಿ. ರೆಗ್ಯುಲೇಟರ್ ಮುಚ್ಚಿ. ಬಾಗಿಲು, ಕಿಟಕಿ ತೆರೆಯಿರಿ. ಎಲ್ಲರೂ ಹೊರಗೆ ಬನ್ನಿ.

ಓದಿ, ಉತ್ತರ ಹೇಳಿ:
1. ಮೂಗಿನ ಬೀಗಕ್ಕೆ ಕೀಲಿಕೈ ಯಾವುದು?
2. ಇಲಿಮರಿ ತಾಯಿಯ ಹಾಲನ್ನು ಹೇಗೆ ಹುಡುಕುತ್ತದೆ?
3. ಗ್ಯಾಸ್ ವಾಸನೆ ಬಂದರೆ ಏನು ಮಾಡಬೇಕು? ಮನೆಯವರಿಗೂ ಹೇಳಿಕೊಡಿ.