ಬೈಕಿನ ಮೇಲೆ ಸ್ಪಿತಿ ಕಣಿವೆಗೆ

ಮಕ್ಕಳೇ, ನೀವು ಬಸ್ಸಿನಲ್ಲಿ ಪ್ರವಾಸ ಹೋಗಿದ್ದೀರಿ. ರೈಲಿನಲ್ಲಿಯೂ ಹೋಗಿರಬಹುದು. ಆದರೆ ಮೋಟಾರು ಸೈಕಲ್ಲಿನ ಮೇಲೆ ಎಂಟು ದಿನ ಹಿಮಾಲಯದ ಹಳ್ಳಿಗಳನ್ನು ಸುತ್ತಿದ್ದೀರಾ? ಬನ್ನಿ, ಇವತ್ತು ಹೋಗೋಣ. ಇದು ಮನಸ್ಸಿನಲ್ಲಿ ಮಾಡುವ ಪ್ರಯಾಣ. ಇದಕ್ಕೆ ಪೆಟ್ರೋಲು ಬೇಡ. ನಿಜವಾಗಿ ಗಾಡಿ ನಡೆಸಲು ನಿಮಗೆ 18 ವರ್ಷ ತುಂಬಬೇಕು, ಲೈಸನ್ಸ್ ಇರಬೇಕು. ಅಲ್ಲಿಯವರೆಗೆ ಹಿಂದಿನ ಸೀಟಿನಲ್ಲಿ ಕುಳಿತುಕೊಳ್ಳಿ. ಹೆಲ್ಮೆಟ್ ಹಾಕಿಕೊಂಡಿರಾ? ಸರಿ, ಹೊರಡೋಣ.

ನಾವು ಹೋಗುವುದು ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಗೆ. ಸ್ಪಿತಿ ಎಂದರೆ 'ನಡುವಿನ ನಾಡು'. ಭಾರತ ಮತ್ತು ಟಿಬೆಟ್‌ಗಳ ನಡುವೆ ಇರುವುದರಿಂದ ಈ ಹೆಸರು. ಶಿಮ್ಲಾದಿಂದ ಹೊರಟು, ಕಿನ್ನೌರ್ ದಾಟಿ, ಸ್ಪಿತಿಯ ಮುಖ್ಯ ಊರಾದ ಕಾಜಾ ತಲಪಲು 400 ಕಿಲೋಮೀಟರಿಗೂ ಹೆಚ್ಚು ದೂರ. ನಮ್ಮ ಕಡೆಯ ರಸ್ತೆಯಾದರೆ ಒಂದೇ ದಿನದ ಹಾದಿ. ಅಲ್ಲಿ ನಾಲ್ಕು ದಿನ ತೆಗೆದುಕೊಳ್ಳುತ್ತೇವೆ. ಏಕೆ ಎಂಬುದನ್ನು ಆಮೇಲೆ ಹೇಳುತ್ತೇನೆ.

ಇಂತಹ ಪ್ರಯಾಣದಲ್ಲಿ ಬೈಕುಗಳು ಸಾಲಾಗಿ ಹೋಗುತ್ತವೆ. ಎಲ್ಲರಿಗಿಂತ ಮುಂದೆ ಮಾರ್ಗದರ್ಶಿಯ ಬೈಕು. ಆತ ಆ ಗುಡ್ಡಗಾಡಿನವನೇ. ಯಾವ ತಿರುವಿನಲ್ಲಿ ಕಲ್ಲು ಬೀಳುತ್ತದೆ, ಯಾವ ಹಳ್ಳ ಎಷ್ಟು ಹೊತ್ತಿಗೆ ತುಂಬುತ್ತದೆ ಎಂಬುದು ಅವನಿಗೆ ಬಾಯಿಪಾಠ. ಎಲ್ಲರಿಗಿಂತ ಹಿಂದೆ ಇನ್ನೊಬ್ಬ ಅನುಭವಿ ಸವಾರ. ಅವನನ್ನು ದಾಟಿ ಯಾರೂ ಹಿಂದೆ ಉಳಿಯುವಂತಿಲ್ಲ. ಅದರ ಹಿಂದೆ ಒಂದು ಜೀಪು. ಅದರಲ್ಲಿ ಮೆಕ್ಯಾನಿಕ್, ಟ್ಯೂಬು, ಕ್ಲಚ್ ವೈರು, ಔಷಧ, ಆಮ್ಲಜನಕದ ಸಿಲಿಂಡರು. ದಾರಿ ಕವಲೊಡೆದಾಗ ಒಂದು ನಿಯಮವಿದೆ. ನಿಮ್ಮ ಹಿಂದಿನ ಬೈಕು ಕಾಣುವವರೆಗೆ ನೀವು ಆ ಕವಲಿನಲ್ಲಿಯೇ ನಿಲ್ಲಬೇಕು. ಎಲ್ಲರೂ ಇದನ್ನು ಪಾಲಿಸಿದರೆ ಯಾರೂ ದಾರಿ ತಪ್ಪುವುದಿಲ್ಲ. ಎಷ್ಟು ಸರಳ ಉಪಾಯ ನೋಡಿ!

ಮೊದಲ ಎರಡು ದಿನ ಹಸಿರು ಬೆಟ್ಟಗಳು, ಸೇಬಿನ ತೋಟಗಳು. ಕೆಳಗೆ ಸಟ್ಲೆಜ್ ನದಿ ಭೋರ್ಗರೆಯುತ್ತದೆ. ಕಿನ್ನೌರಿನಲ್ಲಿ ರಸ್ತೆಯನ್ನು ಬಂಡೆಯ ಹೊಟ್ಟೆಯಲ್ಲಿ ಕೊರೆದಿದ್ದಾರೆ. ಒಂದು ಪಕ್ಕ ಬಂಡೆ, ತಲೆಯ ಮೇಲೂ ಬಂಡೆ, ಇನ್ನೊಂದು ಪಕ್ಕ ಪ್ರಪಾತ. ಹಿಂದೆ ಕುಳಿತವರು ಅಲ್ಲಿ ಮಾತಾಡದೆ ಇರುವುದು ಒಳ್ಳೆಯದು. ಎರಡನೆಯ ರಾತ್ರಿ ಕಲ್ಪಾ ಎಂಬ ಊರಿನಲ್ಲಿ ಮಲಗುತ್ತೇವೆ. ಬೆಳಿಗ್ಗೆ ಬಾಗಿಲು ತೆರೆದರೆ ಎದುರಿಗೇ ಕಿನ್ನರ ಕೈಲಾಸದ ಹಿಮಶಿಖರಗಳು.

ಮೂರನೆಯ ದಿನ ಖಾಬ್ ಎಂಬಲ್ಲಿ ಸ್ಪಿತಿ ನದಿ ಬಂದು ಸಟ್ಲೆಜ್‌ಗೆ ಸೇರುತ್ತದೆ. ನಾವು ಸೇತುವೆ ದಾಟಿ ಸ್ಪಿತಿ ನದಿಯ ಜೊತೆ ಮೇಲಕ್ಕೆ ಏರುತ್ತೇವೆ. ಏರುತ್ತಾ ಏರುತ್ತಾ ಮರಗಳು ಮಾಯವಾಗುತ್ತವೆ. ಬೆಟ್ಟಗಳು ಬೂದು, ಕಂದು, ನೇರಳೆ ಬಣ್ಣಕ್ಕೆ ತಿರುಗುತ್ತವೆ. ಹಿಮಾಲಯದಲ್ಲಿ ಮರುಭೂಮಿಯೇ? ಹೌದು, ಶೀತ ಮರುಭೂಮಿ. ಮಳೆಗಾಲದ ಮೋಡಗಳು ದಕ್ಷಿಣದಿಂದ ಬಂದು ಎತ್ತರದ ಪರ್ವತಗಳಿಗೆ ಬಡಿದು ಅಲ್ಲಿಯೇ ಮಳೆ ಸುರಿಸುತ್ತವೆ. ಪರ್ವತದ ಆಚೆಗೆ ಒಣಗಾಳಿ ಮಾತ್ರ ಹೋಗುತ್ತದೆ. ನಮ್ಮ ಸೊಲ್ಲಾಪುರ, ಜತ್ತ, ಅಕ್ಕಲಕೋಟೆಗಳಿಗೆ ಮಳೆ ಕಡಿಮೆ ಏಕೆ? ಸಹ್ಯಾದ್ರಿಯು ಮೋಡಗಳ ನೀರನ್ನು ಕೊಂಕಣದ ಕಡೆಗೇ ಇಳಿಸಿಕೊಳ್ಳುವುದರಿಂದ. ನಾವೂ ಮಳೆನೆರಳಿನವರು, ಅವರೂ ಮಳೆನೆರಳಿನವರು.

ಅವರ ಮನೆಗಳನ್ನು ನೋಡಿದರೆ ನಿಮಗೆ ಇನ್ನೂ ಆಶ್ಚರ್ಯವಾಗುತ್ತದೆ. ದಪ್ಪ ಮಣ್ಣಿನ ಗೋಡೆ, ಚಪ್ಪಟೆಯಾದ ಮಣ್ಣಿನ ಮಾಳಿಗೆ. ನಮ್ಮ ಕಡೆಯ ಹಳೆಯ ಮಾಳಿಗೆ ಮನೆಗಳ ನೆಂಟರಂತೆ ಕಾಣುತ್ತವೆ. ಮಳೆ ಕಡಿಮೆ ಇರುವಲ್ಲಿ ಇಳಿಜಾರು ಸೂರು ಏಕೆ ಬೇಕು? ನಮ್ಮ ಗೋಡೆಗಳು ಬಿಸಿಲನ್ನು ತಡೆಯುತ್ತವೆ. ಅವರ ಗೋಡೆಗಳು ಚಳಿಯನ್ನು ತಡೆಯುತ್ತವೆ. ಕೆಳಗೆ ದನಕುರಿಗಳು, ಮೇಲೆ ಜನರು. ಮಾಳಿಗೆಯ ಅಂಚಿನಲ್ಲಿ ಚಳಿಗಾಲಕ್ಕೆಂದು ಕಟ್ಟಿಗೆ ಪುಳ್ಳೆ ಒಟ್ಟಿರುತ್ತಾರೆ. ಒಲೆಗೆ ಒಣಗಿದ ಸಗಣಿಯನ್ನೂ ಉರಿಸುತ್ತಾರೆ. ನಿಮ್ಮ ಅಜ್ಜಿಗೆ ಹೇಳಿ, ಹಿಮಾಲಯದಲ್ಲಿಯೂ ಕುಳ್ಳು ಇದೆ ಎಂದು!

ತಾಬೋ ಎಂಬ ಊರಿನಲ್ಲಿ ಇಂತಹ ಮಣ್ಣಿನಿಂದಲೇ ಕಟ್ಟಿದ ಬೌದ್ಧ ವಿಹಾರವಿದೆ. ಅದು ಸ್ಥಾಪನೆಯಾದದ್ದು ಕ್ರಿ.ಶ. 996ರಲ್ಲಿ. ಸಾವಿರ ವರ್ಷ ದಾಟಿದ ಮಣ್ಣಿನ ಗೋಡೆ! 1975ರ ಭೂಕಂಪದಲ್ಲಿ ಅದಕ್ಕೆ ಪೆಟ್ಟಾಯಿತು, ಆದರೂ ನಿಂತಿದೆ. ಒಳಗೆ ಗೋಡೆ ತುಂಬ ಚಿತ್ರಗಳು. ಆದ್ದರಿಂದಲೇ ಅದನ್ನು 'ಹಿಮಾಲಯದ ಅಜಂತಾ' ಎನ್ನುತ್ತಾರೆ. ಒಳಗೆ ಕತ್ತಲೆ. ಫೋಟೋ ತೆಗೆಯುವಂತಿಲ್ಲ. ಹೊಳೆಯುವ ಬೆಳಕಿಗೆ ಹಳೆಯ ಬಣ್ಣ ಕೆಡುತ್ತದೆ. ಸ್ವಲ್ಪ ಹೊತ್ತು ಸುಮ್ಮನೆ ನಿಂತರೆ ಕಣ್ಣು ಕತ್ತಲೆಗೆ ಹೊಂದಿಕೊಂಡು ಚಿತ್ರಗಳು ಒಂದೊಂದಾಗಿ ಕಾಣತೊಡಗುತ್ತವೆ. ನನಗೆ ಕೇಳಿದರೆ, ಫೋಟೋಕ್ಕಿಂತ ಹೀಗೆ ನೋಡಿದ್ದೇ ಹೆಚ್ಚು ದಿನ ನೆನಪಿನಲ್ಲಿ ಉಳಿಯುತ್ತದೆ.

ಈಗ ನಾಲ್ಕು ದಿನ ಏಕೆ ಎಂದು ಹೇಳುತ್ತೇನೆ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ. 4,500 ಮೀಟರ್ ಎತ್ತರದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕವು ಸಮುದ್ರದ ದಂಡೆಯಲ್ಲಿ ಸಿಗುವುದರ ಅರ್ಧಕ್ಕಿಂತ ಸ್ವಲ್ಪ ಮಾತ್ರ ಹೆಚ್ಚು. ಒಮ್ಮೆಲೇ ಮೇಲೆ ಹೋದರೆ ತಲೆನೋವು, ವಾಂತಿ, ನಿದ್ದೆ ಇಲ್ಲದಿರುವುದು. ಲಕ್ಷ್ಯ ಕೊಡದಿದ್ದರೆ ಜೀವಕ್ಕೇ ಅಪಾಯ. ಆದುದರಿಂದ ದಿನಕ್ಕೆ ಸ್ವಲ್ಪ ಸ್ವಲ್ಪ ಏರಿ, ದೇಹಕ್ಕೆ ಹೊಂದಿಕೊಳ್ಳಲು ಸಮಯ ಕೊಡಬೇಕು. ಪ್ರತಿ ಸಂಜೆ ಮಾರ್ಗದರ್ಶಿ ಎಲ್ಲರನ್ನೂ ಕೇಳುತ್ತಾನೆ: "ತಲೆ ನೋಯುತ್ತಿದೆಯೇ? ಊಟ ಸೇರಿತೇ?" ನಾಚಿಕೆಪಟ್ಟು ಸುಳ್ಳು ಹೇಳಬಾರದು. ಬೇನೆ ಹೆಚ್ಚಾದವರನ್ನು ರಾತ್ರಿಯಾದರೂ ಸರಿ, ಜೀಪಿನಲ್ಲಿ ಕೆಳಗಿನ ಊರಿಗೆ ಇಳಿಸುತ್ತಾರೆ. ಕೆಳಗೆ ಇಳಿಯುವುದೇ ಇದಕ್ಕೆ ಮೊದಲ ಮದ್ದು.

ಬೈಕಿಗೂ ಹೀಗೆಯೇ ಉಸಿರು ಕಟ್ಟುತ್ತದೆ. ಎಂಜಿನ್ನಿನಲ್ಲಿ ಪೆಟ್ರೋಲು ಉರಿಯಲು ಗಾಳಿ ಬೇಕಲ್ಲವೇ? ಗಾಳಿ ತೆಳುವಾದರೆ ಎಂಜಿನ್ನಿನ ಶಕ್ತಿ ಕುಗ್ಗುತ್ತದೆ. ಹಳೆಯ ಕಾರ್ಬ್ಯುರೇಟರ್ ಬೈಕುಗಳಲ್ಲಿ ಗಾಳಿ ಕಡಿಮೆ, ಪೆಟ್ರೋಲು ಮಾತ್ರ ಮೊದಲಿನಷ್ಟೇ. ಅದು ಪೂರ್ತಿ ಉರಿಯದೆ ಕಪ್ಪು ಹೊಗೆ ಬರುತ್ತದೆ. ಏರಿನಲ್ಲಿ ಗಾಡಿ ಮುದುಕನಂತೆ ಏದುಸಿರು ಬಿಡುತ್ತದೆ. ಹಿಂದೆ ಕುಳಿತವರು ಕೆಲವು ಕಡೆ ಇಳಿದು ನಡೆಯಬೇಕಾಗುತ್ತದೆ. ನಿಧಾನವಾಗಿ ನಡೆಯಿರಿ. ಓಡಿದರೆ ನೀವೂ ಬೈಕಿನಂತೆಯೇ ಆಗುತ್ತೀರಿ. ಇನ್ನೊಂದು ವಿಚಿತ್ರ. ಆ ಎತ್ತರದಲ್ಲಿ ನೀರು 100 ಡಿಗ್ರಿಗೆ ಬದಲು ಸುಮಾರು 85 ಡಿಗ್ರಿಗೇ ಕುದಿಯುತ್ತದೆ. ಕುದಿಯುವ ನೀರಿನಲ್ಲಿಯೂ ಬೇಳೆ ಬೇಗ ಬೇಯುವುದಿಲ್ಲ. ಅಲ್ಲಿಯ ಅಡುಗೆಮನೆಯಲ್ಲಿ ಕುಕ್ಕರ್ ಸಿಳ್ಳೆ ಹಾಕುವುದು ಇದಕ್ಕಾಗಿಯೇ.

ಕಾಜಾದಿಂದ ಮೇಲೆ ಮೂರು ಪುಟ್ಟ ಹಳ್ಳಿಗಳಿವೆ: ಲಾಂಗ್ಜಾ, ಹಿಕ್ಕಿಮ್, ಕೋಮಿಕ್. ಲಾಂಗ್ಜಾದ ಮಣ್ಣಿನಲ್ಲಿ ಸುರುಳಿ ಗುರುತಿನ ಕಲ್ಲುಗಳು ಸಿಗುತ್ತವೆ. ಅವು ಕೋಟ್ಯಂತರ ವರ್ಷಗಳ ಹಿಂದಿನ ಸಮುದ್ರ ಜೀವಿಗಳ ಅಚ್ಚುಗಳು. ಅಂದರೆ, ಈಗ ನಾವು ನಿಂತಿರುವ ಬೆಟ್ಟ ಒಂದು ಕಾಲಕ್ಕೆ ಕಡಲಿನ ತಳವಾಗಿತ್ತು! ನೋಡಿ, ಮುಟ್ಟಿ, ಅಲ್ಲಿಯೇ ಇಟ್ಟುಬಿಡಿ. ಬಂದವರೆಲ್ಲ ಒಂದೊಂದು ಜೇಬಿಗೆ ಹಾಕಿಕೊಂಡರೆ ಬೆಟ್ಟದ ಕಥೆ ಹೇಳಲು ಏನು ಉಳಿದೀತು?

ಹಿಕ್ಕಿಮ್‌ನಲ್ಲಿ ಒಂದು ಅಂಚೆ ಕಚೇರಿ ಇದೆ. ಸುಮಾರು 4,400 ಮೀಟರ್ ಎತ್ತರ. ಜಗತ್ತಿನ ಅತಿ ಎತ್ತರದ ಅಂಚೆ ಕಚೇರಿಗಳಲ್ಲಿ ಅದೂ ಒಂದು. 1983ರಲ್ಲಿ ಪ್ರಾರಂಭವಾಯಿತು. ಪತ್ರಗಳ ಚೀಲವನ್ನು ಅಂಚೆಯವರು ಕಾಲುನಡಿಗೆಯಲ್ಲಿ ಕಾಜಾಕ್ಕೆ ಒಯ್ಯುತ್ತಿದ್ದರು. ಪ್ರವಾಸಿಗರು ಇಲ್ಲಿಂದ ಮನೆಗೆ ಕಾರ್ಡು ಬರೆಯುತ್ತಾರೆ. ನೀವೂ ನಿಮ್ಮ ವರ್ಗದ ಗೆಳೆಯರಿಗೆ ಒಂದು ಕಾರ್ಡು ಬರೆಯಿರಿ. ವಿಳಾಸದಲ್ಲಿ ಪಿನ್ ಕೋಡ್ ಮರೆಯಬೇಡಿ.

ಆ ರಾತ್ರಿ ಕಾಜಾಕ್ಕೆ ಇಳಿದು, ಮರುದಿನ ಕಿಬ್ಬರ್ ಹಳ್ಳಿಯಲ್ಲಿ ಒಬ್ಬರ ಮನೆಯಲ್ಲಿಯೇ ಉಳಿದುಕೊಳ್ಳುತ್ತೇವೆ. "ಜುಲೆ" ಎಂದು ಅವರು ಸ್ವಾಗತಿಸುತ್ತಾರೆ. ನೀವೂ "ಜುಲೆ" ಎನ್ನಿ. ನಮಸ್ಕಾರಕ್ಕೂ ಅದೇ, ಧನ್ಯವಾದಕ್ಕೂ ಅದೇ. ಹುರಿದ ಜವೆಗೋಧಿಯ ಹಿಟ್ಟು, ಉಪ್ಪು ಬೆಣ್ಣೆ ಹಾಕಿದ ಚಹಾ ಕೊಡುತ್ತಾರೆ. ಚಹಾ ಸಿಹಿಯಾಗಿಲ್ಲವೆಂದು ಮುಖ ಸಿಂಡರಿಸಬೇಡಿ. ಎರಡನೆಯ ಬಟ್ಟಲಿಗೆ ರುಚಿ ಹತ್ತುತ್ತದೆ.

ಶೌಚಾಲಯ ಕಂಡು ಕೆಲವರು ನಗುತ್ತಾರೆ. ಅಲ್ಲಿ ನೀರೇ ಇಲ್ಲ! ನೆಲದಲ್ಲಿ ಒಂದು ಕಿಂಡಿ, ಪಕ್ಕದಲ್ಲಿ ಮಣ್ಣಿನ ರಾಶಿ, ಒಂದು ಸಲಿಕೆ. ಬಳಸಿದ ಮೇಲೆ ಮಣ್ಣು ಹಾಕಬೇಕು. ಕೆಳಗಿನ ಕೋಣೆಯಲ್ಲಿ ಅದು ಕೊಳೆತು ಗೊಬ್ಬರವಾಗಿ ಹೊಲಕ್ಕೆ ಹೋಗುತ್ತದೆ. ಚಳಿಗಾಲದಲ್ಲಿ ನಳದ ನೀರು ಹೆಪ್ಪುಗಟ್ಟುವ ಊರಿಗೆ ಇದಕ್ಕಿಂತ ಜಾಣತನದ ಶೌಚಾಲಯ ಬೇರೆ ಯಾವುದಿದೆ?

ಅವರ ಹೊಲದಲ್ಲಿ ವರ್ಷಕ್ಕೆ ಒಂದೇ ಬೆಳೆ. ಜವೆಗೋಧಿ ಮನೆಗೆ, ಹಸಿ ಬಟಾಣಿ ಪೇಟೆಗೆ. ಬಯಲು ನಾಡಿನಲ್ಲಿ ಬಟಾಣಿ ಇಲ್ಲದ ಕಾಲದಲ್ಲಿ ಸ್ಪಿತಿಯ ಬಟಾಣಿ ಪೇಟೆಗೆ ಬರುವುದರಿಂದ ಒಳ್ಳೆಯ ಬೆಲೆ ಸಿಗುತ್ತದೆ. ಆದರೆ ನೀರು? ಬೆಟ್ಟದ ಹಿಮ ಕರಗಿ ಬಂದ ನೀರನ್ನು ಸಣ್ಣ ಕಾಲುವೆಗಳಲ್ಲಿ ಹೊಲಕ್ಕೆ ತರುತ್ತಾರೆ. ಈ ಕಾಲುವೆಗೆ 'ಕೂಲ್' ಎನ್ನುತ್ತಾರೆ. ಚಳಿಗಾಲದಲ್ಲಿ ಹಿಮ ಕಡಿಮೆ ಬಿದ್ದರೆ ಬೇಸಿಗೆಯಲ್ಲಿ ಕೂಲ್ ಬತ್ತುತ್ತದೆ, ಬಟಾಣಿ ಒಣಗುತ್ತದೆ. ನಾವು ಮಳೆಗಾಗಿ ಮುಗಿಲು ನೋಡುತ್ತೇವೆ, ಅವರು ಹಿಮಕ್ಕಾಗಿ ನೋಡುತ್ತಾರೆ. ಇಂತಹ ಮನೆಗೆ ಹೋಗಿ "ಸ್ನಾನಕ್ಕೆ ಎರಡು ಬಕೆಟ್ ಬಿಸಿನೀರು ಕೊಡಿ" ಎಂದು ಕೇಳಲು ನಿಮಗೆ ಮನಸ್ಸು ಬರುತ್ತದೆಯೇ? ಒಂದು ಚೊಂಬಿನಲ್ಲಿ ಕೈಕಾಲು ಮುಖ ತೊಳೆದುಕೊಂಡರೆ ಸಾಕು.

ಏಳನೆಯ ದಿನ ಚಿಚಮ್ ಸೇತುವೆ. ಕಿಬ್ಬರ್ ಮತ್ತು ಚಿಚಮ್ ಹಳ್ಳಿಗಳು ಒಂದಕ್ಕೊಂದು ಸಮೀಪ. ನಡುವೆ ಮಾತ್ರ ಬೆಟ್ಟ ಸೀಳಿದಂತಹ ಭಯಂಕರ ಕಮರಿ. 2017ರಲ್ಲಿ ಸೇತುವೆ ತೆರೆಯುವ ಮೊದಲು ಚಿಚಮ್‌ನವರು ಹೇಗೆ ದಾಟುತ್ತಿದ್ದರು ಗೊತ್ತೇ? ಕಮರಿಯ ಈ ದಡದಿಂದ ಆ ದಡಕ್ಕೆ ಕಟ್ಟಿದ ತಂತಿ. ತಂತಿಗೆ ತೂಗುಹಾಕಿದ ಒಂದು ತೊಟ್ಟಿಲು. ಅದರಲ್ಲಿ ಕುಳಿತು ಹಗ್ಗವನ್ನು ಕೈಯಿಂದ ಎಳೆಯುತ್ತಾ ಆಚೆ ಸೇರಬೇಕು. ಕೆಳಗೆ ನೂರಾರು ಅಡಿ ಆಳ. ಗಾಳಿ ಬೀಸಿದರೆ ತೊಟ್ಟಿಲು ತೂಗಾಡುತ್ತದೆ. ಜನರೂ ಸಾಮಾನುಗಳೂ ಹೀಗೆಯೇ ಹೋಗಬೇಕಿತ್ತು. ಕಾಯಿಲೆಯಾದವರ ಪಾಡು ಯೋಚಿಸಿ ನೋಡಿ. ಪ್ರವಾಸಿಗರು ಈಗ ಸೇತುವೆಯ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ನಮಗೆ ಅದು ಒಂದು ನೋಟ. ಚಿಚಮ್‌ನವರಿಗೆ ಅದು ಆಸ್ಪತ್ರೆಯ ದಾರಿ, ಪೇಟೆಯ ದಾರಿ. ಆದ್ದರಿಂದ ಬೈಕುಗಳನ್ನು ಸೇತುವೆಯ ಮೇಲೆ ನಿಲ್ಲಿಸದೆ, ದಾಟಿದ ಮೇಲೆ ಅಂಚಿಗೆ ನಿಲ್ಲಿಸಿ ನಡೆದು ಬನ್ನಿ.

ಕೊನೆಯ ದಿನ ಸೂರ್ಯ ಹುಟ್ಟುವ ಮೊದಲೇ ಲೋಸರ್ ಹಳ್ಳಿಯಿಂದ ಹೊರಡಬೇಕು. ಇಷ್ಟು ಬೇಗ ಏಕೆ? ಮುಂದೆ ರಸ್ತೆಗೆ ಅಡ್ಡವಾಗಿ ಹಳ್ಳಗಳು ಹರಿಯುತ್ತವೆ. ಬೆಳಿಗ್ಗೆ ಚಳಿಗೆ ಹಿಮ ಕರಗಿರುವುದಿಲ್ಲ, ನೀರು ಕಡಿಮೆ. ಮಧ್ಯಾಹ್ನ ಬಿಸಿಲೇರಿದಂತೆ ಹಿಮ ಕರಗಿ ಹಳ್ಳ ಉಕ್ಕುತ್ತದೆ. ಬೆಳಿಗ್ಗೆ ಮೊಣಕಾಲಿನ ಕೆಳಗಿದ್ದ ನೀರು ಸಂಜೆ ಬೈಕನ್ನೇ ಎಳೆದೊಯ್ಯಬಹುದು. ಮಾರ್ಗದರ್ಶಿ ಮೊದಲು ಕಾಲಿನಿಂದ ನೀರಿಗಿಳಿದು ಕಲ್ಲುಗಳನ್ನು ನೋಡುತ್ತಾನೆ. ಆಮೇಲೆ ಒಂದೊಂದಾಗಿ ಬೈಕುಗಳನ್ನು ದಾಟಿಸುತ್ತಾನೆ.

4,551 ಮೀಟರ್ ಎತ್ತರದ ಕುಂಜುಮ್ ಕಣಿವೆದಾರಿಯಲ್ಲಿ ಬಣ್ಣಬಣ್ಣದ ಪ್ರಾರ್ಥನೆಯ ಬಾವುಟಗಳು ಪಟಪಟನೆ ಹಾರಾಡುತ್ತವೆ. ಅಲ್ಲಿಯ ದೇವಿಯ ಗುಡಿಗೆ ಲಾರಿ, ಬಸ್ಸು, ಬೈಕು ಎಲ್ಲವೂ ಒಂದು ಸುತ್ತು ಹಾಕಿಯೇ ಮುಂದೆ ಹೋಗುತ್ತವೆ. ನಮ್ಮ ಸಾಲೂ ಒಂದು ಸುತ್ತು ಹಾಕುತ್ತದೆ. ಚಳಿಗಾಲದಲ್ಲಿ ಈ ದಾರಿ ಹಿಮದಿಂದ ಮುಚ್ಚಿಹೋಗುತ್ತದೆ. ಆಗ ಸ್ಪಿತಿಯವರಿಗೆ ನಾವು ಬಂದ ಕಿನ್ನೌರ್ ರಸ್ತೆಯೊಂದೇ ಗತಿ.

ಇಳಿಜಾರಿನ ಕೊನೆಗೆ ಅಟಲ್ ಸುರಂಗ. ಉದ್ದ 9.02 ಕಿಲೋಮೀಟರ್. 2020ರಲ್ಲಿ ತೆರೆಯಿತು. ಒಳಗೆ ಹೋಗುವಾಗ ಬೋಳು ಬೆಟ್ಟ. ಹೊರಗೆ ಬಂದಾಗ ದೇವದಾರು ಮರಗಳು, ಹಸಿರು ಹುಲ್ಲು, ಬಹುಶಃ ಮಳೆಯೂ! ಪರ್ವತದ ಈಚೆಗೆ ಬಂದೆವಲ್ಲ. ಬೈಕಿನ ಎಂಜಿನ್ ಮತ್ತೆ ತನ್ನ ಹಳೆಯ ದನಿಯಲ್ಲಿ ಗುಡುಗುತ್ತದೆ. ಹಿಕ್ಕಿಮ್‌ನಲ್ಲಿ ನೀವು ಹಾಕಿದ ಕಾರ್ಡು ಮಾತ್ರ ಇನ್ನೂ ದಾರಿಯಲ್ಲಿರುತ್ತದೆ.

ಹೊಸ ಪದಗಳು
ಕಮರಿ – ಆಳವಾದ ಕಂದಕ. ಏದುಸಿರು – ಮೇಲುಸಿರು. ವಿಹಾರ – ಬೌದ್ಧ ಭಿಕ್ಷುಗಳು ವಾಸಿಸುವ ಸ್ಥಳ. ಪ್ರಪಾತ – ಕಡಿದಾದ ಇಳಿಜಾರು

ಅಭ್ಯಾಸ
1. ಬೈಕುಗಳ ಸಾಲು ಲೋಸರ್‌ನಿಂದ ನಸುಕಿನಲ್ಲಿಯೇ ಹೊರಡುವುದು ಏಕೆ?
2. ಚಿಚಮ್ ಸೇತುವೆ ಆಗುವ ಮೊದಲು ಅಲ್ಲಿಯ ಒಬ್ಬ ಹುಡುಗಿ ಕಮರಿಯನ್ನು ದಾಟಿದ ದಿನವನ್ನು ಅವಳ ಮಾತಿನಲ್ಲಿಯೇ ಐದು ವಾಕ್ಯಗಳಲ್ಲಿ ಬರೆಯಿರಿ.
3. ನಿಮ್ಮ ಊರಿನ ಮಾಳಿಗೆ ಮನೆಯೊಂದನ್ನು ನೋಡಿ ಬನ್ನಿ. ಅದನ್ನು ಹೇಗೆ ಕಟ್ಟಿದರೆಂದು ಹಿರಿಯರನ್ನು ಕೇಳಿ ತಿಳಿದುಕೊಂಡು ವರ್ಗದಲ್ಲಿ ಹೇಳಿರಿ.